ಕಣ್ಣು 6/6 ಇದೆ ಅಂತಾರೆ, ಮಗಳಿಗೆ ಬೋರ್ಡ್ ನೋಡಿ ಬರೆಯಲಾಗುತ್ತಿಲ್ಲ. ಯಾರ ಮನೆಯಲ್ಲಾದರೂ ಹೀಗಿದೆಯಾ?

ಗುಬ್ಬಿಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನಮ್ಮದು ತುಮಕೂರು ಜಿಲ್ಲೆ, ಗುಬ್ಬಿ ಹತ್ತಿರ ಒಂದು ಹಳ್ಳಿ. ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಹೋದ ವರ್ಷ ಬೆಂಗಳೂರಿನಲ್ಲಿ ತೋರಿಸಿದಾಗ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಅಂದರು. ಆ ದಿನಗಳ ಕಥೆ ಬೇಡ ಬಿಡಿ. ಮಾತ್ರೆ ಶುರುವಾದ ಮೇಲೆ ಅವಳ ಕಿವಿಗೆ ಕೇಳುತ್ತಿದ್ದ ಮಾತುಗಳು ಕಡಿಮೆಯಾಗಿವೆ. ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಸ್ಕೂಲಿಗೂ ಹೋಗುತ್ತಿದ್ದಾಳೆ.

ಈಗಿನ ತೊಂದರೆ ಬೇರೆ. ಬೋರ್ಡ್ ನೋಡಿ ಬರೆದುಕೊಳ್ಳಲು ಆಗುತ್ತಿಲ್ಲ. ನಾಲ್ಕು ಪದ ಬರೆದು ತಲೆ ಎತ್ತಿದರೆ ಎಲ್ಲಿ ಬಿಟ್ಟೆ ಅನ್ನುವುದೇ ಸಿಗುವುದಿಲ್ಲವಂತೆ. ಒತ್ತಕ್ಷರ ಬಂದರಂತೂ ಮುಗಿಯಿತು. ಪ, ವ, ಷ ಮೂರೂ ಅವಳಿಗೆ ಒಂದೇ. ಮೂರನೇ ಕ್ಲಾಸಿನಲ್ಲೇ ಅಜ್ಜನಿಗೆ ಪೇಪರ್ ಓದಿ ಹೇಳುತ್ತಿದ್ದ ಹುಡುಗಿ ಇವಳು.

ಇದು ಧನುರ್ಮಾಸ ಅಲ್ವಾ, ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕು ಬಾ ಅಂತ ಕರೆದೆ. ಹದಿನೈದರಿಂದ ಎಂಟರವರೆಗೆ ಚುಕ್ಕಿ ಇಟ್ಟೆ. ಈ ರಂಗೋಲಿ ಅವಳೇ ನನಗೆ ಕಲಿಸಿದ್ದು. ಪುಡಿ ಹಿಡಿದುಕೊಂಡು ನಿಂತಳು, ನಿಂತೇ ಇದ್ದಳು. "ಅಮ್ಮಾ, ಬರೀ ಚುಕ್ಕಿ ಇದೆ. ಗೆರೆ ಎಲ್ಲಿ ಹೋಗಬೇಕು ಅಂತ ಕಾಣ್ತಾನೇ ಇಲ್ಲ" ಅಂದಳು. ಪುಡಿಯೆಲ್ಲ ಬೆರಳ ಸಂದಿಯಿಂದ ಸುರಿದುಹೋಯಿತು.

ಹೋದ ತಿಂಗಳು ನನ್ನ ತಮ್ಮ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದ. ಗೇಟಿನ ಹತ್ತಿರ ನಿಂತಿದ್ದವನನ್ನು ನೋಡಿ ಯಾರೋ ಬಂದಿದ್ದಾರೆ ಅಂತ ಒಳಗೆ ಓಡಿ ಬಂದಳು. ಅವನು ಮಾತಾಡಿದ ಮೇಲೇ ಮಾಮ ಅಂತ ಗೊತ್ತಾಗಿದ್ದು. ತುಮಕೂರಿಗೆ ಹೋದರೆ ಬಿ.ಎಚ್. ರಸ್ತೆ ದಾಟುವಾಗ ನನ್ನ ಕೈ ಬಿಡುವುದೇ ಇಲ್ಲ.

ಕಣ್ಣು ತೋರಿಸಿದೆವು. 6/6, ಏನೂ ತೊಂದರೆ ಇಲ್ಲ ಅಂದರು. ಸ್ಕೂಲಿನಲ್ಲಿ "ಬೇಕಂತ ಮಾಡುತ್ತಾಳೆ, ಸೋಮಾರಿತನ" ಅನ್ನುತ್ತಾರೆ. ಕಾಯಿಲೆ ಮತ್ತೆ ಜಾಸ್ತಿ ಆಗುತ್ತಿದೆಯಾ? ಮಾತ್ರೆಯಿಂದಲಾ? ಇಲ್ಲಾ ನಿಜವಾಗಿ ಕಣ್ಣಿನದೇ ಏನಾದರೂ ಇದೆಯಾ? ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಕೊಬ್ಬರಿಮಂಡಿ

ಅಕ್ಕಾ, ಬೇರೆ ಕಣ್ಣಿನ ಡಾಕ್ಟರ್ ಹತ್ತಿರ ತೋರಿಸಿ. ಮೊಬೈಲ್ ಕೊಡಬೇಡಿ. ನಮ್ಮ ಹುಡುಗನದೂ ಹೀಗೇ ಇತ್ತು, ಕನ್ನಡಕ ಹಾಕಿಸಿದ ಮೇಲೆ ಸರಿಹೋಯಿತು.

ಗುಬ್ಬಿಅಮ್ಮ

ಎರಡು ಕಡೆ ತೋರಿಸಿದ್ದಾಯಿತು ಅಣ್ಣ. ಹನಿ ಹಾಕಿ ಒಳಗಿನ ಪರದೆವರೆಗೂ ನೋಡಿದರು. ಮೊಬೈಲ್ ಅವಳು ಮುಟ್ಟುವುದೇ ಇಲ್ಲ. ಚಿತ್ರ ಓಡಿದರೆ ತಲೆ ಸುತ್ತುತ್ತದೆ ಅನ್ನುತ್ತಾಳೆ.

ಗೂಡುಮನೆ

ಅಮ್ಮಾ, ನಿಮ್ಮ ರಂಗೋಲಿ ವಿಷಯ ಓದಿ ನನ್ನ ಹೆಂಡತಿಯನ್ನು ಕರೆದು ತೋರಿಸಿದೆ. ನಮ್ಮದು ಶಿಡ್ಲಘಟ್ಟ ಕಡೆ, ರೇಷ್ಮೆ ಸಾಕಣೆ. ಮಗನಿಗೆ ಈಗ 19. ಅವನಿಗೆ 12 ತುಂಬುವ ಹೊತ್ತಿಗೇ ಶುರುವಾಗಿತ್ತು.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುವ ಮುಂಚೆ ಕಲೆ ಬಿದ್ದ ಗೂಡು, ತೆಳು ಗೂಡು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು ಎಲ್ಲ ಆರಿಸಿ ತೆಗೆಯಬೇಕು. ನಮ್ಮ ಕಡೆ ಚಿಕ್ಕ ಮಕ್ಕಳೂ ಆಟ ಆಡಿಕೊಂಡೇ ಮಾಡುವ ಕೆಲಸ. ಇವನು ರಾಶಿ ಮುಂದೆ ಕೂತು ಅರ್ಧ ಗಂಟೆ ಸುಮ್ನೆ ನೋಡುತ್ತಿದ್ದ. ಬೈದೆ. ಒಂದು ಸಲ ಕೈಯನ್ನೂ ಎತ್ತಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವನೇ ಹೇಳಿದ: "ಅಪ್ಪಾ, ಎಲ್ಲಾ ಸೇರಿ ಬಿಳಿ ಬಿಳಿ. ಒಂದು ಗೂಡು ಎಲ್ಲಿ ಮುಗಿಯುತ್ತೆ ಇನ್ನೊಂದು ಎಲ್ಲಿ ಶುರು ಅಂತ ಸಿಗಲ್ಲ."

ದಾರಿ ಹುಡುಕಿದ್ದು ನಮ್ಮಮ್ಮ. ಸ್ಕೂಲಿನ ಮುಖ ನೋಡದ ಹೆಂಗಸು. ಕರೀ ಕಂಬಳಿ ಹಾಸಿ, ಅದರ ಮೇಲೆ ಒಂದು ಹಿಡಿ ಗೂಡು ಮಾತ್ರ ಹರಡಿ, ಒಂದಕ್ಕೊಂದು ತಾಗದ ಹಾಗೆ ಇಟ್ಟರು. "ಕಣ್ಣಲ್ಲಿ ನೋಡಬೇಡ, ಕೈಯಲ್ಲಿ ಮುಟ್ಟು" ಅಂದರು. ಜೋಡಿ ಗೂಡು ಬೆರಳಿಗೆ ದಪ್ಪ ಸಿಗುತ್ತದೆ. ಈಗ ಅವನು ನನಗಿಂತ ಚೆನ್ನಾಗಿ ಆರಿಸುತ್ತಾನೆ. ನಿಧಾನ, ಅಷ್ಟೇ.

ಇನ್ನೊಂದು ಮಾತು, ನಿಮಗೆ ಆಗಿಲ್ಲದಿದ್ದರೂ ತಿಳಿದಿರಲಿ. ಮಾತ್ರೆ ಶುರುಮಾಡಿದ ಮೂರನೇ ದಿನ ಇವನ ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಸಿಕ್ಕಿಕೊಂಡಿತು. ಕೆಳಗೆ ಇಳಿಸಲು ಆಗಲೇ ಇಲ್ಲ. ಕುತ್ತಿಗೆ ಸೆಟೆದುಕೊಂಡಿತು. ಪಕ್ಕದ ಮನೆಯವರು ಮೈಮೇಲೆ ಬಂದಿದೆ ಅಂತ ನಿಂಬೆಹಣ್ಣು ತಂದರು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು. ಒಂದು ಇಂಜೆಕ್ಷನ್ ಕೊಟ್ಟರು, ಸ್ವಲ್ಪ ಹೊತ್ತಿನಲ್ಲೇ ಇಳಿಯಿತು. ಈ ಮಾತ್ರೆಗಳಿಂದ ಹಾಗಾಗುವುದುಂಟು, ಚಿಕ್ಕ ವಯಸ್ಸಿನ ಗಂಡುಹುಡುಗರಲ್ಲಿ ಜಾಸ್ತಿ ಅಂದರು. ಹಾಗಾದರೆ ಕಾಯುತ್ತಾ ಕೂರಬೇಡಿ.

ಪಾಠದಕ್ಕ

ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ತುಮಕೂರಿನಲ್ಲಿ ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಪಾಠ ಹೇಳುತ್ತೇನೆ, ಸೈಕಾಲಜಿ ಓದಿದ್ದೇನೆ.

ಗುಬ್ಬಿಅಮ್ಮ, ಕಣ್ಣಿನ ಡಾಕ್ಟರ್ ಹೇಳಿದ್ದೂ ನಿಜ, ಮಗಳು ಹೇಳುತ್ತಿರುವುದೂ ನಿಜ. ಕಣ್ಣು ಪರೀಕ್ಷೆಗೆ ಓದಿಸುವ ಚಾರ್ಟಿನಲ್ಲಿ ಏನಿರುತ್ತದೆ ನೋಡಿ. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ. ಬಿಡಿ ಬಿಡಿಯಾಗಿ. ಅಲ್ಲಾಡುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಕಣ್ಣು ಅನ್ನುವ ಕ್ಯಾಮೆರಾ ಸರಿ ಇದೆಯಾ ಅನ್ನುವುದಷ್ಟೇ ಅದರಲ್ಲಿ ಗೊತ್ತಾಗುತ್ತದೆ. ಕಂಡದ್ದನ್ನು ಜೋಡಿಸಿ "ಇದು ಗೆರೆ, ಇದು ಮುಖ, ಇದು ಹತ್ತಿರ ಬರುತ್ತಿರುವ ಬೈಕು" ಅನ್ನುವುದು ಮೆದುಳಿನ ಕೆಲಸ. ಸ್ಕಿಜೋಫ್ರೇನಿಯಾ ಇರುವ ಎಷ್ಟೋ ಜನರಲ್ಲಿ ಈ ಜೋಡಿಸುವ ಕೆಲಸ ಕುಂಟುತ್ತದೆ.

ಇದು ಹೊಸ ವಿಷಯವೂ ಅಲ್ಲ. 1908ರಲ್ಲೇ ಅಮೆರಿಕದ ಇಬ್ಬರು ಸಂಶೋಧಕರು, ಡೀಫೆಂಡಾರ್ಫ್ ಮತ್ತು ಡಾಡ್ಜ್, ಈ ಕಾಯಿಲೆ ಇರುವವರ ಕಣ್ಣು ಓಡುವ ವಸ್ತುವನ್ನು ನುಣ್ಣಗೆ ಹಿಂಬಾಲಿಸುವುದಿಲ್ಲ, ತಡೆದು ತಡೆದು ಹಾರುತ್ತದೆ ಅಂತ ಫೋಟೊ ತೆಗೆದು ತೋರಿಸಿದ್ದರು. ಸ್ಕಿಜೋಫ್ರೇನಿಯಾ ಅನ್ನುವ ಹೆಸರೂ ಆಗಿನ್ನೂ ಚಾಲ್ತಿಗೆ ಬಂದಿರಲಿಲ್ಲ. ಚಿಕ್ಕ ವಯಸ್ಸಿನಲ್ಲೇ ಶುರುವಾದ ಮಕ್ಕಳಲ್ಲೂ ಇದು ಆಮೇಲೆ ಕಂಡುಬಂತು. ಬೋರ್ಡಿನಿಂದ ಪುಸ್ತಕಕ್ಕೆ, ಪುಸ್ತಕದಿಂದ ಬೋರ್ಡಿಗೆ ಹೋಗಿಬರುವಾಗ ಜಾಗ ತಪ್ಪುವುದಕ್ಕೆ ಇಂಥದ್ದೂ ಒಂದು ಕಾರಣ ಇರಬಹುದು.

ನಿಮ್ಮ ರಂಗೋಲಿ ವಿಷಯ ಓದಿದಾಗ ನನಗೆ ಮೈ ಜುಮ್ಮೆಂದಿತು. ಸಂಶೋಧಕರು ಮಾಡುವ ಒಂದು ಪರೀಕ್ಷೆ ಹೆಚ್ಚುಕಡಿಮೆ ಅದೇ. ಪರದೆಯ ತುಂಬಾ ಚಿಕ್ಕ ಚಿಕ್ಕ ತುಂಡು ಗೆರೆ ಚೆಲ್ಲಿರುತ್ತಾರೆ. ಅದರಲ್ಲಿ ಕೆಲವು ಸೇರಿ ಒಂದು ಆಕಾರ ಆಗುತ್ತದೆ. ನಮ್ಮ ಕಣ್ಣಿಗೆ ತಟ್ಟನೆ ಎದ್ದು ಕಾಣುತ್ತದೆ. ಸ್ಕಿಜೋಫ್ರೇನಿಯಾ ಇರುವವರಿಗೆ ಅದೇ ಆಕಾರ ಹಿಡಿಯುವುದು ಕಷ್ಟವಾಗುತ್ತದೆ. ನಿಮ್ಮ ಮಗಳಿಗೆ ಒಂಬತ್ತು ಚೀಟಿ ಕೊಟ್ಟು ನೋಡಿ ಬರಿ ಅಂದಿದ್ದರಾ? ಚುಕ್ಕಿ, ವೃತ್ತ, ಗೆರೆ ಎಲ್ಲ ಇರುತ್ತದೆ. ಅದು ಬೆಂಡರ್ ಪರೀಕ್ಷೆ. ಲಾರೆಟ್ಟಾ ಬೆಂಡರ್ ಅನ್ನುವ ಡಾಕ್ಟರ್ 1938ರಲ್ಲಿ ಪ್ರಕಟಿಸಿದ್ದು. ನ್ಯೂಯಾರ್ಕಿನಲ್ಲಿ ಆಕೆ ನೋಡುತ್ತಿದ್ದವರಲ್ಲಿ ಇಂಥ ಮಕ್ಕಳೂ ಇದ್ದರು. ಆಗ ಆಟಿಸಂ ಮಕ್ಕಳನ್ನೂ ಸ್ಕಿಜೋಫ್ರೇನಿಯಾ ಅನ್ನುವ ಹೆಸರಿನಲ್ಲೇ ಸೇರಿಸುತ್ತಿದ್ದರು, ಅದು ಬೇರೆ ಕಥೆ.

ಇನ್ನೊಂದು ವಿಚಿತ್ರ ಕೇಳಿ. ಮನೆಯಲ್ಲಿ ವರಮಹಾಲಕ್ಷ್ಮಿ ಮುಖವಾಡ ಇದೆಯಲ್ಲ, ಅದನ್ನು ತಿರುಗಿಸಿ ಹಿಂದಿನ ಟೊಳ್ಳು ಭಾಗ ಕಾಣುವ ಹಾಗಿಟ್ಟು, ಒಂದು ಕಣ್ಣು ಮುಚ್ಚಿ ದೂರದಿಂದ ನೋಡಿ. ಟೊಳ್ಳು ಹೋಗಿ, ಮುಖ ಉಬ್ಬಿಕೊಂಡು ನಿಮ್ಮ ಕಡೆಯೇ ನೋಡುವ ಹಾಗೆ ಕಾಣುತ್ತದೆ. ಮುಖ ಅಂದರೆ ಉಬ್ಬಿರಲೇಬೇಕು ಅಂತ ಮೆದುಳು ಹಟ ಹಿಡಿಯುತ್ತದೆ. 2009ರಲ್ಲಿ ಜರ್ಮನಿ ಮತ್ತು ಲಂಡನ್ನಿನ ತಂಡವೊಂದು ಇಂಥದ್ದನ್ನೇ ತೋರಿಸಿ ನೋಡಿತು. ಉಳಿದವರು ಮೋಸಹೋದರು. ಸ್ಕಿಜೋಫ್ರೇನಿಯಾ ಇದ್ದವರಿಗೆ ಟೊಳ್ಳು ಟೊಳ್ಳಾಗಿಯೇ ಕಂಡಿತು. ಅಂದರೆ ಅವರ ಕಣ್ಣು ದಡ್ಡ ಅಲ್ಲ. ನಮಗೆ ಹಳೆಯ ಅನುಭವ ತುಂಬಿಕೊಡುವುದನ್ನು ಅವರಿಗೆ ತುಂಬಿಕೊಡುತ್ತಿಲ್ಲ. ದಯವಿಟ್ಟು ಯಾರೂ ಮನೆಯಲ್ಲಿ ಮಕ್ಕಳ ಮುಂದೆ ಮುಖವಾಡ ಹಿಡಿದು ಕಾಯಿಲೆ ಕಂಡುಹಿಡಿಯಲು ಹೋಗಬೇಡಿ. ಇದರಿಂದ ಕಾಯಿಲೆ ಗೊತ್ತಾಗುವುದಿಲ್ಲ.

ಸಿರಾದತಾತ

ಇಷ್ಟೆಲ್ಲ ಇಂಗ್ಲಿಷ್ ಪರೀಕ್ಷೆ ಯಾಕಮ್ಮಾ. ಮಗೂಗೆ ದೃಷ್ಟಿ ಆಗಿದೆ. ಹುಣ್ಣಿಮೆ ಅಮಾವಾಸ್ಯೆ ನೋಡಿ ಜಾಸ್ತಿ ಆಗುತ್ತಾ ಗಮನಿಸಿ. ನಮ್ಮ ಕಡೆ ಒಬ್ಬರು ತಾಯಿತ ಕಟ್ಟುತ್ತಾರೆ.

ಗೂಡುಮನೆ

ತಾತಾ, ನಮ್ಮ ಹುಡುಗನ ತೋಳಲ್ಲಿ ಮೂರು ತಾಯಿತ ಇತ್ತು. ದೇವರಿಗೆ ಹೋಗುವುದು ನಾವೂ ಬಿಟ್ಟಿಲ್ಲ. ಆದರೆ ಆ ಎಂಟು ತಿಂಗಳು ಬರೀ ತಾಯಿತ ನಂಬಿ ಕೂತಿದ್ದು ನಮ್ಮ ತಪ್ಪು. ದೃಷ್ಟಿ ತೆಗೆಯಿರಿ, ಬೇಡ ಅನ್ನಲ್ಲ. ಮಾತ್ರೆ ಕೊಟ್ಟು ತೆಗೆಯಿರಿ.

ಸಿರಾದತಾತ

ಮಾತ್ರೆ ಬೇಡ ಅಂತ ನಾನೆಲ್ಲಿ ಅಂದೆನಪ್ಪಾ.

ಬಂಗಾರಪೇಟೆಲೋಕಲ್

ನನಗೆ 23. ಕಾಯಿಲೆ ಶುರುವಾದಾಗ 15. ಇಲ್ಲೆಲ್ಲ ಅಪ್ಪ ಅಮ್ಮಂದಿರೇ ಬರೆಯುತ್ತಾರೆ, ಅದಕ್ಕೇ ಒಳಗಿಂದ ಹೇಗಿರುತ್ತದೆ ಅಂತ ಬರೆಯುತ್ತಿದ್ದೇನೆ. ಎಲ್ಲರಿಗೂ ಹೀಗೇ ಅಂತಲ್ಲ, ನನಗೆ ಹೀಗಿತ್ತು.

ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು: "ಬೇರೆಯವರಿಗೆ ಕಾಣದ್ದು ನಿನಗೆ ಕಾಣುತ್ತಾ?" ನಾನು ಇಲ್ಲ ಅನ್ನುತ್ತಿದ್ದೆ. ಸುಳ್ಳಲ್ಲ. ನನಗೆ ಕಾಣುತ್ತಿದ್ದದ್ದು ಎಲ್ಲರಿಗೂ ಕಾಣುವ ವಸ್ತುಗಳೇ. ಕುರ್ಚಿ, ಬಾಗಿಲು, ಅಮ್ಮ. ಅವು ಕಾಣುವ ರೀತಿ ಕೆಟ್ಟಿತ್ತು. ಅದನ್ನು ಯಾರೂ ಕೇಳಲಿಲ್ಲ. ನನಗೂ ಹೇಳಬೇಕು ಅಂತ ಹೊಳೆಯಲಿಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿದ್ದೆ.

ಮುಖ ಅಂದರೆ, ಹುಬ್ಬು ಕಾಣುತ್ತಿತ್ತು. ಮೂಗಿನ ಪಕ್ಕದ ಮಚ್ಚೆ ಕಾಣುತ್ತಿತ್ತು. ಹಲ್ಲು ಕಾಣುತ್ತಿತ್ತು. ಇವೆಲ್ಲ ಸೇರಿ ಚಿಕ್ಕಪ್ಪ ಆಗಲು ಹೊತ್ತು ಹಿಡಿಯುತ್ತಿತ್ತು. ಅಷ್ಟರಲ್ಲಿ ಅವರು ನಕ್ಕರೋ ಗದರಿದರೋ ಗೊತ್ತಾಗುತ್ತಿರಲಿಲ್ಲ. ಹಲ್ಲು ಕಂಡರೆ ಸಿಟ್ಟು ಅಂದುಕೊಳ್ಳುತ್ತಿದ್ದೆ. ಎಲ್ಲರೂ ನನ್ನ ಮೇಲೆ ಸಿಟ್ಟಾಗಿದ್ದಾರೆ ಅಂತ ಹೆದರಿಕೊಂಡು ಕೋಣೆ ಸೇರಿದ್ದಕ್ಕೆ ಅರ್ಧ ಕಾರಣ ಇದೇ ಅಂತ ಈಗ ಅನ್ನಿಸುತ್ತದೆ.

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹಳಿ ಆಚೆ ಹೋಗಲು ನಾನು ಮೇಲ್ಸೇತುವೆಯನ್ನೇ ಹತ್ತುತ್ತೇನೆ, ಶಿಸ್ತಿನ ಹುಡುಗ ಅಂತ ಎಲ್ಲರೂ ಹೊಗಳುತ್ತಾರೆ. ನಿಜ ಏನಂದರೆ ಬರುವ ಗಾಡಿಯ ವೇಗ ನನಗೆ ಸಿಗುವುದಿಲ್ಲ. ದೂರ ಇದ್ದ ಗಾಡಿ ಸಡನ್ನಾಗಿ ಹತ್ತಿರ ಇರುತ್ತದೆ. ಮಧ್ಯದ ಭಾಗ ಯಾರೋ ಕತ್ತರಿಸಿ ತೆಗೆದ ಹಾಗೆ. ಸೇತುವೆಯ ಮೆಟ್ಟಿಲು ಇಳಿಯುವಾಗಲೂ ಕಷ್ಟವೇ. ಅಂಚಿಗೆ ಹಳದಿ ಬಣ್ಣ ಬಳಿದಿದ್ದರೆ ಪರವಾಗಿಲ್ಲ. ಎಲ್ಲ ಒಂದೇ ಸಿಮೆಂಟಿನ ಬಣ್ಣ ಆದರೆ ಕಂಬಿ ಹಿಡಿದು ಕಾಲಲ್ಲಿ ತಡವುತ್ತೇನೆ.

ಈಗ ತುಂಬಾ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ. ಸುಸ್ತಾದ ದಿನ, ನಿದ್ದೆಗೆಟ್ಟ ದಿನ ಮತ್ತೆ ಬರುತ್ತದೆ. ಗುಬ್ಬಿಅಮ್ಮ, ಮಗಳಿಗೆ "ಕಾಣ್ತಾ ಇಲ್ವಾ?" ಅಂತ ಕೇಳಬೇಡಿ. "ಹೇಗೆ ಕಾಣುತ್ತೆ?" ಅಂತ ಕೇಳಿ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ.

ಕೊಬ್ಬರಿಮಂಡಿ

ತಮ್ಮಾ, ಓದಿದೆ. ನಾನು ಮೊದಲು ಹಾಕಿದ ಕನ್ನಡಕದ ಸಲಹೆ ವಾಪಸ್ ತಗೊಂಡೆ.

ಪಾಠದಕ್ಕ

ಲೋಕಲ್ ಬರೆದದ್ದರಲ್ಲಿ ಒಂದು ದೊಡ್ಡ ವಿಷಯ ಇದೆ. ಇಲ್ಲದ್ದು ಕಾಣುವುದು ಬೇರೆ, ಇರುವುದು ಸರಿಯಾಗಿ ಕೂಡಿಕೊಳ್ಳದೆ ಇರುವುದು ಬೇರೆ. ಮಕ್ಕಳಲ್ಲಿ ಎರಡೂ ಇರಬಹುದು. 13 ವರ್ಷಕ್ಕಿಂತ ಮುಂಚೆ ಈ ಕಾಯಿಲೆ ಶುರುವಾಗುವುದು ತೀರಾ ಅಪರೂಪ, ಸುಮಾರು 40,000 ಮಕ್ಕಳಲ್ಲಿ ಒಂದು ಅನ್ನುತ್ತಾರೆ. ಅಂಥ 117 ಮಕ್ಕಳನ್ನು ಅಮೆರಿಕದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯವರು ನೋಡಿದಾಗ, ಸುಮಾರು 80 ಶೇಕಡಾ ಮಕ್ಕಳಿಗೆ ಇಲ್ಲದ್ದು ಕಂಡಿತ್ತು. ದೊಡ್ಡವರಲ್ಲಿ ಕಿವಿಯದೇ ಜಾಸ್ತಿ, ಕಣ್ಣಿನದು ಅಷ್ಟಿಲ್ಲ. ಹಾಗಾಗಿ ಡಾಕ್ಟರು ಆ ಪ್ರಶ್ನೆ ಕೇಳಲೇಬೇಕು. "ಇರುವುದು ಹೇಗೆ ಕಾಣುತ್ತೆ?" ಅನ್ನುವ ಎರಡನೇ ಪ್ರಶ್ನೆ ಕೇಳುವುದು ಉಳಿದುಹೋಗುತ್ತದೆ.

ಹಾಗೇ, ಇದನ್ನು ಓದಿ ಬೇರೆ ಅಪ್ಪ ಅಮ್ಮ ಗಾಬರಿಯಾಗಬೇಡಿ. ಅಕ್ಷರ ತಿರುಗಾಮುರುಗಾ ಆಗುವ ಮಕ್ಕಳು ಊರ ತುಂಬಾ ಇದ್ದಾರೆ, ಅವರಿಗೆ ಸ್ಕಿಜೋಫ್ರೇನಿಯಾ ಇರುವುದಿಲ್ಲ. ವಸ್ತು ಚಿಕ್ಕದಾಗಿ ದೊಡ್ಡದಾಗಿ ಕಾಣುವುದು, ಅಂಕುಡೊಂಕು ಬೆಳಕು ಕಾಣುವುದು ಮೈಗ್ರೇನಿನಲ್ಲೂ ಇದೆ, ಮೂರ್ಛೆರೋಗದ ಕೆಲವು ವಿಧಗಳಲ್ಲೂ ಇದೆ. ಕಾಯಿಲೆ ಇದೆ ಅಂತ ಮೊದಲೇ ಗೊತ್ತಿರುವ ಮಗುವಿನಲ್ಲೂ ಇಂಥ ತೊಂದರೆ ದಿಢೀರ್ ಅಂತ ಹೊಸದಾಗಿ ಬಂದರೆ ಡಾಕ್ಟರಿಗೆ ಹೇಳಲೇಬೇಕು.

ಗುಬ್ಬಿಅಮ್ಮ, ಒಂದು ಕೇಳಬೇಕಿತ್ತು. ಕೈ ನಡುಕ, ಮೈ ಬಿಗಿತಕ್ಕೆ ಅಂತ ಇನ್ನೊಂದು ಮಾತ್ರೆ ಕೊಟ್ಟಿದ್ದಾರಾ? ಟ್ರೈಹೆಕ್ಸಿಫೆನಿಡಿಲ್ ಅಂತ ಚೀಟಿಯಲ್ಲಿ ಇದೆಯಾ ನೋಡಿ. ಅದರಿಂದ ಹತ್ತಿರದ್ದು ಮಸುಕಾಗುತ್ತದೆ, ಬಾಯಿ ಒಣಗುತ್ತದೆ, ನೆನಪೂ ಸ್ವಲ್ಪ ಮಂಕಾಗುತ್ತದೆ. ಇದ್ದರೂ ನೀವೇ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ.

ಗುಬ್ಬಿಅಮ್ಮ

ಇದೆ ಮೇಡಂ! ಅದೇ ಹೆಸರು. ದಿನಕ್ಕೆ ಎರಡು. ಇದು ಕಣ್ಣಿಗೂ ತಾಗುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಬೆಂಗಳೂರಿಗೆ ಮುಂದಿನ ಡೇಟ್ ಇರುವುದು ಫೆಬ್ರವರಿಗೆ. ಅಲ್ಲಿವರೆಗೂ ಕಾಯಬೇಕಾ?

ಗೂಡುಮನೆ

ಕಾಯಬೇಡಿ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕ್ಲಿನಿಕ್ಕಿಗೆ ಮಾನಸಿಕ ತಜ್ಞರು ಬರುತ್ತಾರೆ, ವಿಚಾರಿಸಿ. ಚೀಟಿ, ಫೈಲು ಎಲ್ಲ ತೆಗೆದುಕೊಂಡು ಹೋಗಿ. ರಾತ್ರಿ ಹೊತ್ತು ಏನಾದರೂ ಗಾಬರಿಯಾದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ತುರುವೇಕೆರೆಯಸೊಸೆ

ನಮ್ಮ ಮಾವನಿಗೆ ಇದೇ ಕಾಯಿಲೆ. ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ಕಡೆಯವರು ವರ್ಷಗಳಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಊರಲ್ಲೇ ನೋಡುವ ಕೆಲಸ ಮಾಡಿದ್ದಾರೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ, ಅವರಿಗೆ ಯಾವ ದಿನ ಯಾವ ಡಾಕ್ಟರ್ ಅಂತ ಗೊತ್ತಿರುತ್ತದೆ.

ಸ್ಕೂಲಿಗೆ ಮಾತ್ರ ಕಾಯಿಲೆ ಹೆಸರು ಹೇಳಬೇಡಿ ಅಕ್ಕಾ. ಹೆಣ್ಣುಮಗು. ನಾಳೆ ಒಂದು ಸಂಬಂಧ ಬಂದಾಗ ಊರೇ ಎದ್ದು ಹೇಳುತ್ತದೆ.

ಪಾಠದಕ್ಕ

ಈ ಭಯ ಅರ್ಥವಾಗುತ್ತದೆ. ಆದರೂ ನಾನು ಒಪ್ಪುವುದಿಲ್ಲ. ಏನೂ ಹೇಳದಿದ್ದರೆ "ಸೋಮಾರಿ" ಅನ್ನುವ ಹೆಸರು ಖಾಯಂ ಆಗುತ್ತದೆ. ಅದು ಸಣ್ಣ ಹೆಸರಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕು ಅಂದರೆ ಕಾಗದ ಪತ್ರ ಈಗಲೇ ಶುರುಮಾಡಬೇಕು. ಆಗ ಗುಟ್ಟು ಮಾಡಿ ಆಗುವುದಿಲ್ಲ.

ಗೂಡುಮನೆ

ನಾವು ಒಬ್ಬರಿಗೆ ಮಾತ್ರ ಹೇಳಿದ್ದೆವು, ಕನ್ನಡ ಮೇಷ್ಟರಿಗೆ. ಅದೂ ಕಾಯಿಲೆ ಹೆಸರಲ್ಲ, "ನೋಡಿ ಬರೆಯಲು ಕಷ್ಟ, ಡಾಕ್ಟರ್ ಹೇಳಿದ್ದಾರೆ" ಅಂತ. ಅವರು ಪಕ್ಕದ ಹುಡುಗನ ನೋಟ್ಸ್ ಜೆರಾಕ್ಸ್ ಮಾಡಿಸಿ ಕೊಡುತ್ತಿದ್ದರು. ಲೆಕ್ಕದವರಿಗೆ ಹೇಳಲಿಲ್ಲ, ಅವರ ಬಾಯಿ ನಿಲ್ಲುತ್ತಿರಲಿಲ್ಲ. ಯಾರಿಗೆ ಹೇಳಬೇಕು ಅಂತ ತಾಯಿಗೇ ಗೊತ್ತಾಗುತ್ತದೆ ಬಿಡಿ.

ಬಂಗಾರಪೇಟೆಲೋಕಲ್

ಮಗಳನ್ನೂ ಒಂದು ಮಾತು ಕೇಳಿ. ನನ್ನನ್ನು ಕೇಳದೆ ಹೇಳಿದ್ದರು. ಅದಿನ್ನೂ ಮರೆತಿಲ್ಲ.

ಗುಬ್ಬಿಅಮ್ಮ

ಸಂಕ್ರಾಂತಿ ಗಲಾಟೆಯಲ್ಲಿ ಬರೆಯಲು ಆಗಲಿಲ್ಲ, ಕ್ಷಮಿಸಿ. ಮೂರು ವಾರ ಆಯಿತು. ಹೇಳುವುದು ಸುಮಾರಿದೆ.

ಲೋಕಲ್ ತಮ್ಮಾ, ನೀನು ಹೇಳಿದ ಹಾಗೆ ಕೇಳಿದೆ. ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. "ಹೇಗೆ ಕಾಣುತ್ತೆ?" ಅಂದೆ. ಮೊರದಲ್ಲಿ ಅರ್ಧದಷ್ಟು ಕಾಳು ಬಿದ್ದ ಮೇಲೆ ಮಾತಾಡಿದಳು. ಪುಸ್ತಕದಲ್ಲಿ ಕೆಳಗಿನ ಸಾಲು ಮೇಲೆ ಬಂದು ಮೇಲಿನ ಸಾಲನ್ನು ನೂಕುತ್ತದಂತೆ. ಒತ್ತಕ್ಷರ ಕೆಳಗಿನ ಸಾಲಿಗೆ ಸೇರಿಕೊಳ್ಳುತ್ತದಂತೆ. ಸಂತೆಯಲ್ಲಿ ಬಣ್ಣ ಎಲ್ಲ ಒಟ್ಟಿಗೆ ಕೂಗುತ್ತವಂತೆ. ಒಂದು ವರ್ಷದಿಂದ ಹೀಗೇ ಇದೆಯಂತೆ. ಯಾಕೆ ಹೇಳಲಿಲ್ಲ ಅಂದರೆ, "ಹೇಳಿದರೆ ಇನ್ನೊಂದು ಮಾತ್ರೆ ಕೊಡ್ತಾರೆ ಅಂತ" ಅಂದಳು.

ಮಂಗಳವಾರ ಹೋದೆವು. ಡಾಕ್ಟರು ಫೈಲ್ ನೋಡಿ, ಬೆಂಗಳೂರಿಗೆ ಫೋನ್ ಮಾಡಿ ಮಾತಾಡಿ, ಆ ಬಿಗಿತದ ಮಾತ್ರೆಯನ್ನು ಎರಡರಿಂದ ಒಂದಕ್ಕೆ ಇಳಿಸಿದರು. ಹತ್ತಿರದ ಮಸುಕು ಕಡಿಮೆಯಾಗಿದೆ. ಸಾಲು ನೂಕುವುದು ಹಾಗೇ ಇದೆ. ಅದು ಮಾತ್ರೆಯದಲ್ಲ, ಕಾಯಿಲೆಯದೇ ಇರಬಹುದು, ಮುಂದಿನ ಸಲ ಬೆಂಗಳೂರಿನಲ್ಲಿ ಪೂರ್ತಿ ಪರೀಕ್ಷೆ ಮಾಡಿಸೋಣ ಅಂದರು.

ಪಾಠದಕ್ಕ ಫೋನಿನಲ್ಲಿ ಹೇಳಿಕೊಟ್ಟ ಹಾಗೆ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಒಂದು ಸಾಲು ಕಾಣುವಷ್ಟು ಕಿಂಡಿ ಕತ್ತರಿಸಿ ಕೊಟ್ಟಿದ್ದೇನೆ. ಅದನ್ನು ಪುಟದ ಮೇಲೆ ಜರುಗಿಸಿಕೊಂಡು ಓದುತ್ತಾಳೆ. ಒತ್ತಕ್ಷರಕ್ಕೂ ಜಾಗ ಬಿಟ್ಟು ಕತ್ತರಿಸಬೇಕು, ಮೊದಲನೆಯದನ್ನು ಇಂಗ್ಲಿಷ್ ಸಾಲಿನ ಅಳತೆಗೆ ಮಾಡಿ ಹಾಳುಮಾಡಿದೆ. ಸ್ಕೂಲಿನಲ್ಲಿ ಯಾರಿಗೆ ಹೇಳಲಿ ಅಂತ ಅವಳನ್ನೇ ಕೇಳಿದೆ. ಸೈನ್ಸ್ ಮಿಸ್ಸಿಗೆ ಮಾತ್ರ ಅಂದಳು. ಹೇಳಿದೆ. ಈಗ ಮುಂದಿನ ಬೆಂಚಿನಲ್ಲಿ ಕೂರಿಸಿದ್ದಾರೆ. ಉಳಿದ ಮೇಷ್ಟರುಗಳು ಇನ್ನೂ ಅದೇ ರಾಗ.

ರಂಗೋಲಿ ಇನ್ನೂ ಆಗುತ್ತಿಲ್ಲ. ರಥಸಪ್ತಮಿಗೆ ನಾನು ಗೆರೆ ಎಳೆದೆ, ಅವಳು ಬಣ್ಣ ತುಂಬಿದಳು.

ನನ್ನ ತಮ್ಮನ ಕೂದಲು ಒಂದಿಂಚು ಬೆಳೆದಿದೆ. ಮೊನ್ನೆ ಬಂದವನು ಗೇಟಿನಿಂದಲೇ "ನಾನು ಕಣೇ, ಮಾಮ, ಮಾಮ" ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿಕೊಂಡು ಬಂದ. "ಗೊತ್ತು, ಕಿರುಚಬೇಡ" ಅಂದಳು.